ಒಂದು ಸೈಜ್ ದಪ್ಪ ಸ್ಕ್ರೂ

ಮಾರ್ಚ್ 3, ಬೆಳಿಗ್ಗೆ 6.40

ಸಡಿಲ ಸ್ಕ್ರೂಗೆ ಯಾರಾದರೂ ಎರಡು ದಿನ ಹಾಳು ಮಾಡುತ್ತಾರಾ? ಚಿಕ್ಕಪ್ಪ ಮಾಡುತ್ತಾರೆ. ವಿಷಯ ನಮ್ಮ ಮೀನಿನ ದೋಣಿಯ ಅಂಚಿಗೆ ಸುತ್ತಲೂ ಬಡಿದ ರಬ್ಬರ್ ಪಟ್ಟಿಯದು. ದೋಣಿ ದಕ್ಕೆಗೆ ತಾಗಿದಾಗ ಏಟು ತಿನ್ನುವುದು ಅದೇ. ಬಲಗಡೆ ಹನ್ನೊಂದು ಸ್ಕ್ರೂ ಸುಮ್ಮನೆ ತಿರುಗುತ್ತಿವೆ, ಕಚ್ಚುತ್ತಿಲ್ಲ. ಪಟ್ಟಿ ಬಿಚ್ಚಬೇಕಂತೆ, ಒಳಗಿನ ಮರ ಕೊಳೆತಿದ್ದರೆ ಕೆರೆದು, ಒಣಗಿಸಿ, ಗಟ್ಟಿಯಾಗುವ ರೆಸಿನ್ ಅಂಟು ತುಂಬಬೇಕಂತೆ.

ಫೇಸ್‌ಬುಕ್‌ನಲ್ಲಿ ದೋಣಿ ರಿಪೇರಿ ಗ್ರೂಪ್ ನಡೆಸುವ 'ದೋಣಿ ಡಾಕ್ಟರ್' ಎಂದೋ ಹಾಕಿದ್ದಾರೆ: ಒಂದು ಸೈಜ್ ದಪ್ಪ ಸ್ಕ್ರೂ, ಮೇಲೆ ನೀರು ತಡೆಯುವ ಸೀಲೆಂಟ್, ಹತ್ತು ನಿಮಿಷ. ಅವರ ಒಂದು ಪೋಸ್ಟೂ ಬಿಟ್ಟವಳಲ್ಲ ನಾನು. ತೋರಿಸಿದೆ.

"ಫೋನಲ್ಲೇ ನಾಡಿ ಹಿಡಿಯೋ ಡಾಕ್ಟ್ರಾ ಇವ್ನು?" ಅಂದರು ಚಿಕ್ಕಪ್ಪ. ಆದರೂ ಸ್ಕ್ರೂಡ್ರೈವರ್ ನನ್ನ ಕೈಗೇ ಕೊಟ್ಟು ಬಲೆ ಹೊಲಿಯಲು ಹೋದರು.

ಸಂಜೆ

ಹನ್ನೊಂದೂ ಕಚ್ಚಿದವು! ಫೋಟೋ ಹಾಕಿದೆ. 212 ಹಾರ್ಟ್. ಡಾಕ್ಟರೇ ಪಿನ್ ಮಾಡಿ 'ನನ್ನ ಶಿಷ್ಯೆ' ಅಂದಿದ್ದಾರೆ. ಸ್ಕ್ರೀನ್‌ಶಾಟ್ ಈಗ ವಾಲ್‌ಪೇಪರ್.

ಮಾರ್ಚ್ 9

ಥೂ.

ನಿನ್ನೆ ಕಡಲಲ್ಲಿ ಇನ್ನೊಂದು ದೋಣಿ ಪಕ್ಕೆಗೆ ಉಜ್ಜಿತಂತೆ. ಪಟ್ಟಿ ಕಿತ್ತು ಬಂತು — ಜೊತೆಗೆ ಒಂದು ಗೇಣು ಅಂಚೂ. ನೀರು ಒಳಗೆ. ಚಿಕ್ಕಪ್ಪ ಅಂಗಿ ಬಿಚ್ಚಿ ತೂತಿಗೆ ತುರುಕಿ, ಎರಡು ಗಂಟೆ ನೀರು ಎತ್ತಿ ಹಾಕುತ್ತಾ ದಡ ಸೇರಿದ್ದಾರೆ. ದೋಣಿಗಳ ನಡುವೆ ಸಿಕ್ಕಿ ಎರಡು ಬೆರಳು ಜಜ್ಜಿಹೋಗಿವೆ.

ಒಳಗಿನ ಮರ ಕಪ್ಪು. ಚಹಾದಲ್ಲಿ ಬಿದ್ದ ರಸ್ಕ್ ಹಾಗೆ, ಉಗುರಲ್ಲೇ ಎದ್ದು ಬಂತು. ಸತ್ತ ಇಲಿಯ ನಾತ. ಕೊಳೆತ ಮರವನ್ನು ನನ್ನ ದಪ್ಪ ಸ್ಕ್ರೂಗಳು ಉದ್ದಕ್ಕೂ ಸೀಳಿದ್ದವು. ಮೇಲೆ ನೀಟಾಗಿ ಸೀಲೆಂಟ್ ಬಳಿದು ಮುಚ್ಚಿದವಳೂ ನಾನೇ.

ಚಿಕ್ಕಪ್ಪ ಬೈದಿದ್ದರೆ ಚೆನ್ನಾಗಿತ್ತು. ಬ್ಯಾಂಡೇಜ್ ಕೈಯಲ್ಲೇ ಆ ಮರದ ಒಂದು ಚೂರು ಮುರಿದು ನನ್ನ ಮೂಗಿಗೆ ಹಿಡಿದರು. "ಮೂಸು. ಇದನ್ನ ಮಾತ್ರ ಮರೀಬೇಡ."

ಎರಡು ಸಲ ಕೈ ತೊಳೆದೆ. ನಾತ ಹೋಗುತ್ತಿಲ್ಲ.

ಮಾರ್ಚ್ 10, ಮಧ್ಯಾಹ್ನ 2.15

ಮುರಿದ ಅಂಚಿನ ಫೋಟೋ ಗ್ರೂಪಿಗೆ ಹಾಕಿದೆ. ಐದು ನಿಮಿಷಕ್ಕೆ ಡಿಲೀಟ್. ಇನ್‌ಬಾಕ್ಸಿಗೆ ಬಂದ ಡಾಕ್ಟರ್, ನೆಗೆಟಿವ್ ಹರಡಬೇಡ ಪುಟ್ಟಿ, ತಪ್ಪು ನಿನ್ನ ಮರದ್ದು, ನನ್ನ ವಿಧಾನದ್ದಲ್ಲ ಅಂದರು. ಪುಟ್ಟಿ ಅಂತೆ.

ಹಳೇ ಫೋಟೋ ಮಾತ್ರ ಇನ್ನೂ ಮೇಲೆ ಪಿನ್. 340 ಹಾರ್ಟ್. ಅದರ ಕೆಳಗೆ ಯಾರೋ ಒಬ್ಬ ಕೇಳಿದ್ದಾನೆ: "ಅಕ್ಕಾ, ನೀವು ಹೇಳ್ದಂಗೇ ಮಾಡ್ದೆ. ನಾಳೆ ಬೆಳಿಗ್ಗೆ ನಾನೂ ತಮ್ಮನೂ ಕಡಲಿಗೆ ಹೋಗ್ತಿದೀವಿ. ಪರ್ವಾಗಿಲ್ವಾ?"

ಹೋಗಬೇಡಿ, ಪಟ್ಟಿ ಬಿಚ್ಚಿ ನೋಡಿ ಅಂತ ಉತ್ತರಿಸಿದೆ. ಅದೂ ಮಾಯ. ಆಮೇಲೆ ಗ್ರೂಪಿನಿಂದ ನಾನೂ ಮಾಯ. ಆತನ ಹೆಸರೂ ನೋಡಿಟ್ಟುಕೊಂಡಿಲ್ಲ, ನಂಬರೂ ನನ್ನ ಬಳಿ ಇಲ್ಲ.

4.50

ಡಾಕ್ಟರಿಗೆ ಕಳಿಸಿದ್ದು, ಇದ್ದಹಾಗೇ: "ಆ ಅಣ್ಣತಮ್ಮಂದಿರಿಗೆ ಈಗ್ಲೇ ಹೇಳಿ. ಹೇಳಲ್ವಾ, ಸರಿ. ನಿಮ್ಮ ವಿಧಾನದ ಮೇಲೆ ಅಷ್ಟು ನಂಬ್ಕೆ ಇದ್ರೆ ನಾಳೆ ಅವ್ರ ದೋಣೀಲೇ ಕೂತು ಹೋಗಿ ಬನ್ನಿ."

ಓದಿದ್ದಾರೆ. ಟೈಪಿಂಗ್ ಅಂತ ಬರುತ್ತೆ, ನಿಲ್ಲುತ್ತೆ. ಮತ್ತೆ ಬರುತ್ತೆ...

ಇನ್ನೊಂದು ಸಾಲು ಕಳಿಸಿದೆ: "ಕೂರ್ತೀರಾ?"