ಅಮ್ಮನನ್ನು ಕಳಿಸುವುದಿಲ್ಲ

ಮಾರ್ಚ್ ೯, ಶುಕ್ರವಾರ

ತಮ್ಮಾ,

ಸಿಟ್ಟಿನಲ್ಲಿ ಬರೆಯಬಾರದೆಂದು ಕಾದೆ. ಸಿಟ್ಟು ಇಳಿಯಲಿಲ್ಲ. ಭಾನುವಾರ ಅಮ್ಮನನ್ನು ಕರೆದೊಯ್ಯಲು ಬರುತ್ತೀಯೆಂದು ದೋಣಿಯವನ ಕೈಲಿ ಹೇಳಿ ಕಳಿಸಿದ್ದೀಯ. ನಾನು ಫೋನ್ ಮಾಡಿದರೆ ಎತ್ತುವುದಿಲ್ಲ. ಬರಬೇಡ. ಅಮ್ಮನನ್ನು ಕಳಿಸುವುದಿಲ್ಲ.

ಅವಳ ಕೆಮ್ಮು ಈಗಷ್ಟೇ ತಗ್ಗಿದೆ. ಬಂದ ಹೊಸದರಲ್ಲಿ ಕಫ ಕಾಡಿಗೆ ಕಲಸಿದಂತಿರುತ್ತಿತ್ತು. ಆದರೂ ಬಾಯಿ ಮಾತ್ರ ನಿನ್ನ ಕಡೆ. ಇಲ್ಲಿಯ ನಲ್ಲಿ ನೀರು ಸಪ್ಪೆಯಂತೆ. "ನಮ್ಮ ಬಾವಿ ನೀರಿಗಾದ್ರೆ ಒಂದು ಗುಣ ಇತ್ತು" ಅನ್ನುತ್ತಾಳೆ. ಆ ಗುಣ ನೀನು ಕದ್ದ ಎಣ್ಣೆ ಕಾಯಿಸುವ ಡ್ರಮ್ಮುಗಳಿಂದ ಇಳಿದದ್ದು ಅಂದರೆ, "ಅವನನ್ನ ಕಂಡ್ರೆ ನಿನಗೆ ಮೊದಲಿಂದ್ಲೂ ಆಗೋದಿಲ್ಲ" ಎಂದು ಗೋಡೆಗೆ ತಿರುಗಿ ಮಲಗುತ್ತಾಳೆ.

ನಿನ್ನ ವಾದ ಗೊತ್ತು. ಕಂಪನಿಯವರು ನಮ್ಮ ಹಿತ್ತಿಲಲ್ಲೇ ಕಚ್ಚಾ ಎಣ್ಣೆಯ ಪೈಪು ಹೂಳಿ ನಮಗೊಂದು ದೀಪವನ್ನೂ ಕೊಡಲಿಲ್ಲ. "ಅವ್ರು ದಪ್ಪ ಪೈಪಲ್ಲಿ ಕದೀತಾರೆ, ನಾವು ಸಣ್ಣ ಪೈಪಲ್ಲಿ" ಅನ್ನುತ್ತೀಯ. ಮೊದಲ ಅರ್ಧ ಒಪ್ಪುತ್ತೇನೆ. ಆದರೆ ಕದ್ದದ್ದಕ್ಕಾದರೂ ಬೆಲೆ ಕೊಟ್ಟಿರಾ? ಕಾಯಿಸಿದಾಗ ಮೊದಲು ಇಳಿಯುವ ಪೆಟ್ರೋಲನ್ನು ಹೆದರಿಕೊಂಡು ನೆಲಕ್ಕೆ ಬಿಟ್ಟು ಸುಡುತ್ತೀರಿ. ಆಮೇಲಿನ ಸೀಮೆಎಣ್ಣೆ, ಡೀಸೆಲ್ ಡಬ್ಬಕ್ಕೆ. ತಳದ ಟಾರು ಹೊಳೆಗೆ. "ಆ ಹೊಳೆ ಕೆಸರಿಗೆ ಯಾರು ದುಡ್ಡು ಕೊಡ್ತಾರೆ" ಅಂದೆಯಲ್ಲ, ಅದೇ ಕೆಸರಿನ ಏಡಿ ಮಾರಿ ಅಪ್ಪ ನಮ್ಮಿಬ್ಬರನ್ನೂ ಓದಿಸಿದ್ದು. ಮೂಗಿಗಿಂತ ಮೂಗುತಿ ಭಾರವಾಗಿದೆ ನಿಮಗೆಲ್ಲ.

ಈಗ ಮುಖ್ಯ ಮಾತು. ಪೆಟ್ರೋಲ್ ಮುಗಿದು ಸೀಮೆಎಣ್ಣೆ ಶುರುವಾಯಿತೆಂದು ಹೇಳುವವನು ನೀನು. ಬೆರಳಿಗೆ ಹಚ್ಚಿ ಮೂಸಿ ನೀನು "ಹ್ಞೂಂ" ಅಂದ ಮೇಲೆಯೇ ಡಬ್ಬ ಇಡುತ್ತಾರೆ. ಅದಕ್ಕೇ ನಿನಗೆ 'ಮೂಗಿನ ಮೇಷ್ಟ್ರು' ಎಂಬ ಬಿರುದು. ಆ ಹ್ಞೂಂ ಕೊಂಚ ಮೊದಲೇ ಬಂದರೆ ಸೀಮೆಎಣ್ಣೆಗೆ ಪೆಟ್ರೋಲ್ ಬೆರೆತು ಯಾರದೋ ಸ್ಟೌ ಸಿಡಿಯುತ್ತದೆ. ಹೋದ ತಿಂಗಳು ಅಮ್ಮನನ್ನು ಕರೆತರಲು ನಾನು ಅಲ್ಲಿಗೆ ಬಂದಾಗ ಬುಟ್ಟಿಯಲ್ಲಿ ಮೀನು ಕೊಳೆತು ನಾರುತ್ತಿತ್ತು. ನೀನು ಪಕ್ಕದಲ್ಲೇ ಕೂತು ಹಾಯಾಗಿ ಉಂಡೆ. ಆಗಲೇ ನನಗೆ ಅನುಮಾನ.

ನಿನ್ನೆ ಅಮ್ಮ ಬಾಯಿ ಬಿಟ್ಟಳು. ಹೊಗೆ ಕುಡಿದು ಕುಡಿದು ನಿನಗೆ ವಾಸನೆಯೇ ತಿಳಿಯುವುದಿಲ್ಲವಂತೆ. ಜೊತೆಯವರಿಗೆ ಗೊತ್ತಾಗದಂತೆ ಬಟ್ಟಲಲ್ಲಿ ಎಣ್ಣೆ ಮುಚ್ಚಿ ತಂದು, ಹಿಂಬಾಗಿಲಲ್ಲಿ ಅವಳಿಗೆ ಮೂಸಲು ಕೊಡುತ್ತಿದ್ದೆಯಂತೆ. "ನಾನು ಹ್ಞೂಂ ಅನ್ನದೆ ಅವನಿಗೆ ಧೈರ್ಯ ಬರೋದಿಲ್ಲ ಕಣೆ" ಎಂದು ಬಟ್ಟೆಗಂಟು ಕಟ್ಟಿಟ್ಟುಕೊಂಡು ಕೂತಿದ್ದಾಳೆ. ಅವಳು ಇಲ್ಲಿಗೆ ಬಂದ ಮೇಲೆ ನೀನು ಜ್ವರದ ನೆಪ ಹೇಳಿ ಡ್ರಮ್ಮಿನ ಒಲೆ ಹಚ್ಚಿಲ್ಲವೆಂದು ದೋಣಿಯವ ಹೇಳಿದ. ಅಷ್ಟಾದರೂ ಭಯ ಉಳಿದಿದೆಯಲ್ಲ. ಹೊಳೆಯ ಹಾಗೆ ಅಮ್ಮನೂ ಪುಕ್ಕಟೆ ಸಿಕ್ಕವಳು ಅಂದುಕೊಂಡೆಯಾ?

ನಮ್ಮ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳಲು ಒಬ್ಬ ಬೇಕಂತೆ. ಮಾಲಕಿಗೆ ನಿನ್ನ ವಿಷಯ ಹೇಳಿಟ್ಟಿದ್ದೇನೆ. ಮೂಗು ಬೇಡದ ಕೆಲಸ. ಬರುವುದಾದರೆ ಅದಕ್ಕೆ ಬಾ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಅಕ್ಕ

ಮತ್ತೆ: ಲಕೋಟೆ ಹುಡುಕಲು ಎದ್ದರೆ ಮನೆಯೆಲ್ಲ ಸೀದ ಕಮಟು. ಒಲೆಯ ಮೇಲೆ ಹಾಲಿನ ಪಾತ್ರೆ ಕರಕಲಾಗಿತ್ತು. ಅಮ್ಮ ಅದಕ್ಕೆ ಬೆನ್ನು ಹಾಕಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಣ್ಣು ಮುಚ್ಚಿಸಿ ಒಂದು ಎಸಳು ಜಜ್ಜಿ ಅವಳ ಮೂಗಿಗೆ ಹಿಡಿದೆ. ಏನೆಂದು ಹೇಳಲಾಗಲಿಲ್ಲ. ಎಂದಿನಿಂದ ಹೀಗೆ ಎಂದರೆ, "ಅವನ ಮೂಗು ಹೋಗೋಕ್ಕಿಂತ ಮೊದ್ಲೇ ಇರ್ಬೇಕು" ಅಂದಳು. ಹಾಗಾದರೆ ಅವನಿಗೆ ಏನು ಹೇಳುತ್ತಿದ್ದೆ ಎಂದು ಕೇಳಿದೆ. "ಬಟ್ಟಲು ಹಿಡ್ಕೊಂಡು ನನ್ನ ಮುಖಾನೇ ನೋಡ್ತಾ ನಿಂತಿರ್ತಿದ್ದ. ಏನಾದ್ರೂ ಹೇಳ್ಬೇಕಿತ್ತಲ್ಲ" ಅಂದಳು.

ಇದನ್ನು ಅಂಚೆಗೆ ಹಾಕುವುದಿಲ್ಲ, ದೋಣಿಯವನ ಕೈಗೇ ಕೊಡುತ್ತೇನೆ. ಶೆಡ್ಡಿನ ಡಬ್ಬಗಳನ್ನು ಯಾರಿಗೂ ಕೊಡಬೇಡ. ಈಗಾಗಲೇ ಕೊಂಡವರ ಮನೆಗಳಿಗೆ ಓಡು. ಚಹಾದಂಗಡಿಯವಳಿಂದ ಶುರು ಮಾಡು. ಅವಳು ಬೆಳಕು ಹರಿಯುವ ಮೊದಲೇ ಸ್ಟೌ ಹಚ್ಚುತ್ತಾಳೆ.