ಕಾಲುವೆ ದಂಡೆಯಲ್ಲಿ ಅತ್ತಿಗೆಯ ಧ್ವನಿ

ಕಮಲಾಪುರ
೧೨-೧-೨೦೦೯

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ಈ ಸೀಮೆಯ ಇತಿಹಾಸ ತಿಳಿಸಲು ನಾವು ಸಿದ್ಧಪಡಿಸಿದ ಮೊಬೈಲ್ ಪ್ರೋಗ್ರಾಮನ್ನು ಇಂದು ವಿಜಯನಗರ ಕಾಲದ ಕಾಲುವೆಯ ದಂಡೆಯಲ್ಲಿ ಪರೀಕ್ಷಿಸಿದೆವು. ಅದರಲ್ಲಿ ಕಥೆ ಹೇಳುವ ನಿಮ್ಮ ಕಂಪ್ಲಿ ಮಾತು ತೀರಾ ಗ್ರಾಮ್ಯವಾಯಿತು, ಅದನ್ನು ತೆಗೆದು ರೇಡಿಯೊದವರ ಧ್ವನಿ ಹಾಕಿಸಿ ಎಂದು ಹಣ ಒದಗಿಸುವ ಗಣಿ ಕಂಪನಿಯ ಅಧಿಕಾರಿ ಪಟ್ಟು ಹಿಡಿದಿದ್ದರು. ಅವರೆದುರಿಗೇ ಫೋನ್ ಚಾಲೂ ಮಾಡಿದೆ.

“ಬರ್ರಿ, ಕುಂದ್ರಿ. ಈ ಕಾಲುವಿ ಕತಿ ಹೇಳ್ತೀನಿ” ಎಂದಿತು ನಿಮ್ಮ ಧ್ವನಿ.

ಬಟ್ಟೆ ಒಗೆಯುತ್ತಿದ್ದ ತಾಯಕ್ಕ ಎಂಬ ವೃದ್ಧೆ ಕೈ ಒರೆಸಿಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತೇಬಿಟ್ಟರು. “ಕುಂತೆ, ಹೇಳವ್ವ” ಎಂದು ಫೋನಿಗೇ ಉತ್ತರ ಕೊಟ್ಟು, ಕಥೆ ಮುಗಿಯುವವರೆಗೂ ಹೂಂಗುಟ್ಟಿದರು. ಅಧಿಕಾರಿ ನಡುವೆ ಏನೋ ಹೇಳಹೋದಾಗ, “ಸುಮ್ನಿರಪ, ಆಕಿ ಹೇಳಾಕತ್ತಾಳ” ಎಂದು ಗದರಿಸಿದರು. ಅಧಿಕಾರಿಗೂ ನಗು ತಡೆಯಲಾಗಲಿಲ್ಲ. ನಿಮ್ಮ ಧ್ವನಿಯೇ ಇರಲೆಂದು ಅಲ್ಲಿಯೇ ಒಪ್ಪಿದರು. ಯಾರ ಧ್ವನಿಯೆಂದು ತಾಯಕ್ಕ ಕೇಳಿದಾಗ, “ನಮ್ಮ ಅತ್ತಿಗೆಯವರದು” ಎಂದು ತುಸು ಜೋರಾಗಿಯೇ ಹೇಳಿದೆ.

ಅದಿರು ಲಾರಿಗಳ ಕೆಂಧೂಳಿನಿಂದ ಕೊಂಚ ಕೆಮ್ಮು; ನೀವು ಕಟ್ಟಿಕೊಟ್ಟ ಶುಂಠಿಪುಡಿ ಸಾಕಷ್ಟಿದೆ. ಅಂಚೆಯವರು ಟಪಾಲು ಡಬ್ಬಿ ತೆರೆಯುವ ಹೊತ್ತಾಯಿತು. ನಿಮ್ಮ ಮಾತನ್ನು ದಿನವೂ ಅಣಕಿಸುವ ಅಣ್ಣನಿಗೆ ಈ ಕಾರ್ಡನ್ನು ನೀವೇ ಗಟ್ಟಿಯಾಗಿ ಓದಿ ಹೇಳಬೇಕು, ನಿಮ್ಮ ಕಂಪ್ಲಿ ಮಾತಿನಲ್ಲಿಯೇ.

ನಿಮ್ಮ ಮೈದುನ,
ಗುರುಮೂರ್ತಿ