ಕಿವಿಯಲ್ಲಿ ಹೇಳಬೇಕಿದ್ದ ಹೆಸರು

ಜೂನ್ ೧೫, ಭಾನುವಾರ. ಹಾಸನ.

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು.

ಅಪ್ಪನ ಕ್ಯಾನ್ಸರಿಗೆ ಈಗ ನೋವು ತಗ್ಗಿಸುವ ಮದ್ದು ಬಿಟ್ಟರೆ ಬೇರೇನೂ ಉಳಿದಿಲ್ಲ. ಬೆಳಿಗ್ಗೆ ಆಸ್ಪತ್ರೆಯ ಸಿಸ್ಟರ್ ಎಂದಿನಂತೆ ಕೇಳಿದರು, "ಪುಟ್ಟರಾಜು ಅವರೇ, ನೋವು ಹತ್ತಕ್ಕೆ ಎಷ್ಟು?"

"ಎರಡು ಕಣವ್ವ," ಅಂದ ಅಪ್ಪ. ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ.

"ಸುಳ್ಳು ಸಿಸ್ಟರ್. ರಾತ್ರಿಯೆಲ್ಲ ದಿಂಬು ಕಚ್ಕೊಂಡಿದ್ದ," ಅಂದೆ ನಾನು.

"ನೀನು ಸ್ಕೂಲ್ನಾಗೆ ಎರಡು ಮಾರ್ಕ್ಸ್ ತಗಂಡಾಗ ನಾನ್ ಯಾರ್ಗಾರ ಏಳಿದ್ನೇನ್ಲಾ?" ಅಪ್ಪ ನಗಲು ನೋಡಿದ.

ಡಾಕ್ಟರು ಮಾರ್ಫಿನ್ ಹೆಚ್ಚಿಸಿದರು; ನೋವು ತಗ್ಗುತ್ತದೆ, ಆದರೆ ನಿದ್ದೆ ಎಳೆಯುತ್ತದೆ. ಕಣ್ಣು ಮುಚ್ಚುವ ಮೊದಲು ಅಪ್ಪ ಅಂದ, "ಸಂಜೆ ನಿಮ್ಮಕ್ಕ ಮಗೀನ ಎತ್ಕಂಡ್ ಬತ್ತಾಳೆ. ಕಿವೀಲಿ ಎಸ್ರು ಏಳ್ಬೇಕು. ಅದ್ಕೇ ಎಚ್ಚರ ಇರಾವ ಅಂತಿದ್ದೆ ಕಣ್ಲಾ."

ನಮ್ಮ ಮನೆಯಲ್ಲಿ ಮಗುವಿಗೆ ಹೆಸರು ಆರಿಸುವವನು ತಾತ; ಕಿವಿಯಲ್ಲಿ ಹೇಳುವವರೆಗೆ ಅದನ್ನು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ.

ದೀಪಕ್ಕ ಚನ್ನರಾಯಪಟ್ಟಣದಿಂದ ಬಂದಳು. ಮಗುವಿನ ಕಿವಿಯನ್ನು ಅಪ್ಪನ ತುಟಿಗೆ ಹಿಡಿದಳು. ಗೊರಕೆಯಲ್ಲದೆ ಏನೂ ಬರಲಿಲ್ಲ. ಅವಳು ಮಗುವನ್ನು ಮಡಿಲಿಗೆ ಹಾಕಿಕೊಂಡು ರಾತ್ರಿ ಅಲ್ಲೇ ಉಳಿದಳು.

ಅಪ್ಪ ಈಗಲೂ ಎದ್ದಿಲ್ಲ. ಹುಬ್ಬಿನ ಗಂಟು ಬಿಟ್ಟಿದೆ. ನಾನು ಹೇಳಿದ್ದು ನಿಜ, ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಅಕ್ಕ ಮಲಗಿದ ಮೇಲೆ ನನ್ನ ಕಿವಿಯನ್ನೂ ಅವನ ಬಾಯಿಗೆ ಹಿಡಿದು ನೋಡಿದೆ. ನಿದ್ದೆಯಲ್ಲಾದರೂ ಆ ಹೆಸರು ಬಂದೀತೇನೋ ಅಂತ. ಬಂದದ್ದು ಉಸಿರು ಮಾತ್ರ.